ಅಡಿಯೋ, ಟಿಎಂಸಿಯೋ, ಕ್ಯೂಸೆಕ್ಕೋ?

ಕೇಳುಗರೇ, ನಮಸ್ಕಾರ.

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ನಮ್ಮ ರೈತರಿಗಾಗಿ ಎಐ ಏಜೆಂಟ್ ಮಾಡಲು ಹೊರಟರೆ ನನಗೆ ತುಂಬಾ ಖುಷಿ. ಅವರಿಗೆ ಒಂದು ಮಾತು ಹೇಳಬೇಕು ಅನ್ನಿಸಿದೆ.

ಏಜೆಂಟ್ ಅಂದರೆ ಸುಮ್ನೆ ಮಾತಾಡುವ ಎಐ ಅಲ್ಲ. ನಾವು ಕೇಳಿದ್ದಕ್ಕೆ ತಕ್ಕ ಹಾಗೆ ಬೇರೆ ಪ್ರೋಗ್ರಾಂಗಳನ್ನು ಬಳಸಿ ಕೆಲಸ ಮಾಡುವ ಎಐ. ಆ ಪ್ರೋಗ್ರಾಂಗಳಿಗೆ ಟೂಲ್ ಅನ್ನುತ್ತಾರೆ. ಮಳೆ ಮುನ್ಸೂಚನೆ ನೋಡಲು ಒಂದು ಟೂಲ್, ಪಹಣಿ ತೆಗೆಯಲು ಒಂದು, ಎಸ್ಎಂಎಸ್ ಕಳಿಸಲು ಇನ್ನೊಂದು. 2023ರ ಜೂನ್‌ನಲ್ಲಿ ಓಪನ್ಎಐ ಎಂಬ ಕಂಪನಿ ತನ್ನ ಎಐ ಮಾಡೆಲ್‌ಗಳಿಗೆ ಹೀಗೆ ಟೂಲ್ ಜೋಡಿಸುವ ಅನುಕೂಲ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಬ ಇನ್ನೊಂದು ಎಐ ಕಂಪನಿ ಎಂಸಿಪಿ ಎಂಬ ವ್ಯವಸ್ಥೆ ತಂದಿತು. ಅದರಿಂದ ಒಮ್ಮೆ ಬರೆದ ಟೂಲನ್ನು ಬೇರೆ ಬೇರೆ ಎಐಗಳಿಗೂ ಜೋಡಿಸಬಹುದು.

ಮುಖ್ಯವಾದ ವಿಷಯ ಇಲ್ಲಿದೆ. ಟೂಲ್ ಬಳಸುವಾಗ ಎಐಗೆ ಸಾಮಾನ್ಯವಾಗಿ ಅದರ ಒಳಗಿನ ಕೋಡ್ ಕಾಣುವುದಿಲ್ಲ. ಟೂಲಿನ ಹೆಸರು, ನಾವು ಬರೆದ ವಿವರಣೆ, ಏನೇನು ಮಾಹಿತಿ ಕೊಡಬೇಕು ಎಂಬ ಪಟ್ಟಿ, ಇಷ್ಟೇ ಕಾಣುವುದು. ಇದನ್ನು ಓದಿಯೇ ಯಾವ ಟೂಲ್ ಬೇಕು ಎಂದು ಅದು ತೀರ್ಮಾನಿಸುತ್ತದೆ. ಕೋಡ್‌ಗೆ ವಾರಗಟ್ಟಲೆ ಬೆವರು ಸುರಿಸಿ, ವಿವರಣೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದರೆ ಆ ಬೆವರೆಲ್ಲ ದಂಡ.

ಕನ್ನಂಬಾಡಿ ಕಟ್ಟೆಯನ್ನೇ ತಗೊಳ್ಳಿ. ‘ಕೆಆರ್‌ಎಸ್ ನೀರಿನ ಮಾಹಿತಿ ಕೊಡುತ್ತದೆ’ ಎಂದಷ್ಟೇ ಬರೆದ ಟೂಲ್ ಒಂದಿದೆ ಅನ್ನೋಣ. ಅದು 40 ಎಂಬ ಅಂಕಿ ಕೊಡುತ್ತದೆ. 40 ಏನು? ಟಿಎಂಸಿ ಆದರೆ ಕಟ್ಟೆಯಲ್ಲಿ ಒಳ್ಳೆ ನೀರಿದೆ, ಯಾಕೆಂದರೆ ಅದರ ಪೂರ್ತಿ ಸಾಮರ್ಥ್ಯ 49.45 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಅಡಿ ಆದರೆ ಗಾಬರಿಯ ಮಾತು, ಯಾಕೆಂದರೆ ಗರಿಷ್ಠ ಮಟ್ಟ 124.80 ಅಡಿ. ಕ್ಯೂಸೆಕ್ ಆದರೆ ಅದು ಸಂಗ್ರಹವೇ ಅಲ್ಲ, ಹರಿವು. ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಎಂಬ ಲೆಕ್ಕ. ಸುಮಾರು 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಆ ಹರಿವು ಕಟ್ಟೆಗೆ ಬರುತ್ತಿರುವುದೋ, ಕಟ್ಟೆಯಿಂದ ಬಿಡುತ್ತಿರುವುದೋ? ಇದೆಲ್ಲ ವಿವರಣೆಯಲ್ಲಿ ಇಲ್ಲದಿದ್ದರೆ ಎಐ ಊಹೆ ಮಾಡುತ್ತದೆ. ಊಹೆಯನ್ನೂ ಗೊತ್ತಿದ್ದವರ ಹಾಗೆಯೇ ಹೇಳಿಬಿಡುತ್ತದೆ. ಭತ್ತದ ಒಟ್ಲು ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿರುವ ರೈತನಿಗೆ ಇದು ಸಣ್ಣ ತಪ್ಪಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಹೀಗೆ ಬರೆಯಿರಿ: ‘ಕೆಆರ್‌ಎಸ್ ಜಲಾಶಯದ ಇವತ್ತಿನ ನೀರಿನ ಮಟ್ಟವನ್ನು ಅಡಿಯಲ್ಲಿ, ಸಂಗ್ರಹವನ್ನು ಟಿಎಂಸಿಯಲ್ಲಿ, ಒಳಹರಿವು ಮತ್ತು ಹೊರಹರಿವನ್ನು ಕ್ಯೂಸೆಕ್‌ನಲ್ಲಿ ಕೊಡುತ್ತದೆ. ಜನ ಇದನ್ನು ಕನ್ನಂಬಾಡಿ, ಕೃಷ್ಣರಾಜಸಾಗರ, ಕಟ್ಟೆ ಎಂದೂ ಕೇಳಬಹುದು. ನಾಲೆಗೆ ನೀರು ಬಿಡುವ ದಿನಾಂಕ ಇದರಲ್ಲಿ ಸಿಗುವುದಿಲ್ಲ.’ ಕೊನೆಯ ವಾಕ್ಯ ನೋಡಿ, ಅದನ್ನೇ ಎಲ್ಲರೂ ಬಿಡುವುದು. ಮಂಡ್ಯದವರು ಮೊದಲು ಕೇಳುವ ಪ್ರಶ್ನೆಯೇ ‘ವಿ.ಸಿ. ನಾಲೆಗೆ ನೀರು ಯಾವಾಗ ಬಿಡ್ತಾರೆ’ ಅಂತ, ಅಲ್ವಾ? ಟೂಲಿಗೆ ಏನು ಬರುವುದಿಲ್ಲ ಎಂದು ಹೇಳದಿದ್ದರೆ, ಎಐ ಇವತ್ತಿನ ಮಟ್ಟ ನೋಡಿಕೊಂಡು ಒಂದು ದಿನಾಂಕ ಕಟ್ಟಿಬಿಡಬಹುದು.

ಎಐ ಕೊಡಬೇಕಾದ ಮಾಹಿತಿಗೂ ಇದೇ ಕಾಳಜಿ ಬೇಕು. ಪಹಣಿ ಟೂಲಿನಲ್ಲಿ ‘ನಂಬರ್’ ಎಂದಷ್ಟೇ ಬರೆದರೆ ಸರ್ವೆ ನಂಬರೋ, ಹಿಸ್ಸಾ ನಂಬರೋ, ಫೋನ್ ನಂಬರೋ? 03-04 ಎಂದರೆ ಏಪ್ರಿಲ್ 3 ಕೂಡ ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ಜಮೀನಿನ ಅಳತೆಯಲ್ಲಿ 2.20 ಅಂದರೆ ನಮಗೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕರೆಗೆ 40 ಗುಂಟೆ ಎಂದು ಬರೆಯದಿದ್ದರೆ ಎಐ ಅದನ್ನು ಎರಡು ಪಾಯಿಂಟ್ ಎರಡು ಎಕರೆ ಎಂದು ಓದಬಹುದು. ಗೊಬ್ಬರದ ಲೆಕ್ಕವೇ ತಪ್ಪುತ್ತದೆ. ಒಂದು ಉದಾಹರಣೆ ಕೊಟ್ಟುಬಿಟ್ಟರೆ ಈ ಗೊಂದಲ ಇರುವುದಿಲ್ಲ.

ಬರೀ ನೋಡುವ ಟೂಲ್ ಬೇರೆ, ಏನನ್ನಾದರೂ ಬದಲಿಸುವ ಟೂಲ್ ಬೇರೆ. ಕಬ್ಬಿನ ಕಟಾವಿಗೆ ಹೆಸರು ಬರೆಸುವ ಟೂಲಾದರೆ, ‘ರೈತರ ಒಪ್ಪಿಗೆ ಪಡೆದ ಮೇಲೆ ಮಾತ್ರ ಬಳಸಿ, ಆಮೇಲೆ ರದ್ದು ಮಾಡಲು ಆಗುವುದಿಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ. ಬರೆದರಷ್ಟೇ ಸಾಲದು. ಒಪ್ಪಿಗೆ ಸಿಕ್ಕಿದೆಯೇ ಎಂದು ನಿಮ್ಮ ಪ್ರೋಗ್ರಾಂ ಕೂಡ ನೋಡಬೇಕು. ಇಲ್ಲಿ ವಿವರಣೆಯನ್ನೊಂದನ್ನೇ ನಂಬುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗಂತ ಪುಟಗಟ್ಟಲೆ ಬರೆಯಬೇಡಿ. ಟೂಲ್‌ಗಳ ವಿವರಣೆಯೆಲ್ಲ ಪ್ರಶ್ನೆಯ ಜೊತೆಗೇ ಎಐಗೆ ಹೋಗುತ್ತದೆ. ಉದ್ದ ಆದಷ್ಟೂ ಖರ್ಚು ಜಾಸ್ತಿ, ಗೊಂದಲವೂ ಜಾಸ್ತಿ. ಒಂದೇ ಥರದ ಎರಡು ಟೂಲ್ ಇದ್ದರೆ ಸೇರಿಸಿ ಒಂದು ಮಾಡಿ. ತಪ್ಪಾದಾಗ ಬರುವ ಸಂದೇಶವನ್ನೂ ಮರೆಯಬೇಡಿ. ‘ದೋಷ’ ಎಂದರೆ ಎಐಗೆ ಏನೂ ತಿಳಿಯುವುದಿಲ್ಲ. ‘ಹಿಸ್ಸಾ ನಂಬರ್ ಕೊಟ್ಟಿಲ್ಲ, ರೈತರನ್ನು ಕೇಳಿ’ ಎಂದರೆ ಅದು ಕೇಳುತ್ತದೆ.

ಬರೆದಾದ ಮೇಲೆ ಲ್ಯಾಬಿನಲ್ಲೇ ಕೂತು ಪರೀಕ್ಷೆ ಮಾಡಬೇಡಿ. ಊರಿಗೆ ಹೋದಾಗ ಮನೆಯವರು, ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಂದೊಂದು ಪ್ರಶ್ನೆಗೂ ಏಜೆಂಟ್ ಯಾವ ಟೂಲ್ ಆರಿಸಿತು, ಅದಕ್ಕೆ ಏನು ಕೊಟ್ಟಿತು ಎಂದು ನೋಡಿ. ತಪ್ಪಿದ ಕಡೆ ಮೊದಲು ಕೋಡ್ ಮುಟ್ಟಬೇಡಿ. ವಿವರಣೆಯ ಒಂದು ವಾಕ್ಯ ತಿದ್ದಿ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ.

ನಮಸ್ಕಾರ.