ವರ್ಷವೆಂದರೆ 8,760 ಗಂಟೆ

ಕೇಳುಗರಿಗೆ ನಮಸ್ಕಾರ.

ಹೊಸ ಕಚೇರಿಗೆ ಎಷ್ಟು ಟನ್ ಏಸಿ ಬೇಕು ಅಂದರೆ ನಮ್ಮಲ್ಲಿ ಉತ್ತರ ಚದರಡಿ ಲೆಕ್ಕದಲ್ಲೇ ಬರುತ್ತದೆ. ಇಷ್ಟು ಚದರಡಿಗೆ ಒಂದು ಟನ್, ಮೇಲೊಂದಿಷ್ಟು ಸೇಫ್ಟಿಗೆ. ಮುಗಿಯಿತು. ಕಟ್ಟಡ ಬೆಂಗಳೂರಿನಲ್ಲಿದೆಯೋ ಕಲಬುರಗಿಯಲ್ಲೋ, ಗಾಜು ಪಶ್ಚಿಮಕ್ಕಿದೆಯೋ ಉತ್ತರಕ್ಕೋ, ಕೇಳುವವರಿಲ್ಲ.

ವರ್ಷದ 8,760 ಗಂಟೆಗಳಿಗೂ ಬೇರೆಬೇರೆ ಲೆಕ್ಕ ಹಾಕುವ ತಂತ್ರಾಂಶಗಳಿವೆ. ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಹೊರತಂದ ಎನರ್ಜಿಪ್ಲಸ್ ಉಚಿತವಾಗಿಯೇ ಸಿಗುತ್ತದೆ. ಆಯಾ ಗಂಟೆಯ ಬಿಸಿಲು, ತೇವ, ಗಾಳಿ, ಒಳಗಿರುವ ಜನ, ಉರಿಯುವ ದೀಪ ಎಲ್ಲ ಹಿಡಿದು, ಯಂತ್ರ ಎಷ್ಟು ಶಾಖ ಹೊರಹಾಕಬೇಕು, ಅದಕ್ಕೆ ಎಷ್ಟು ಕರೆಂಟು ಎಂದು ಹೇಳುತ್ತದೆ.

ಹಿಂದಿನ ಗಂಟೆಯನ್ನು ಅದು ಮರೆಯುವುದಿಲ್ಲ. ಸ್ವಾರಸ್ಯ ಇರುವುದೇ ಇಲ್ಲಿ. ಪಶ್ಚಿಮದ ಇಟ್ಟಿಗೆ ಗೋಡೆಗೆ ಸಂಜೆ ನಾಲ್ಕಕ್ಕೆ ಬಿಸಿಲು ಬಡಿಯುತ್ತದೆ. ಆ ಶಾಖ ಒಳಮೈಗೆ ತಲುಪುವಾಗ ಹೊತ್ತು ಮುಳುಗಿರುತ್ತದೆ. ಹಗಲಿನ ಕಚೇರಿಗೆ ಅದರ ಗೊಡವೆಯಿಲ್ಲ. ರಾತ್ರಿ ಪಾಳಿಯ ಕಾಲ್ ಸೆಂಟರಿಗೆ ಅದೇ ಹೊರೆ.

ಮಂಗಳೂರಿನ ಜುಲೈ ನೋಡಿ. ಸೆಕೆ ಅಷ್ಟಿಲ್ಲ, ಗಾಳಿ ತುಂಬ ತೇವ. ಬೇಕಾದ್ದಕ್ಕಿಂತ ದೊಡ್ಡ ಏಸಿ ಕೋಣೆಯನ್ನು ಬೇಗ ತಣಿಸುತ್ತದೆ, ಕಂಪ್ರೆಸರ್ ನಿಲ್ಲುತ್ತದೆ, ತೇವ ಹಿಂಡುವಷ್ಟು ಹೊತ್ತು ಓಡುವುದೇ ಇಲ್ಲ. ಕೋಣೆ ತಂಪು, ಮೈ ಜಿಗುಟು, ಫೈಲುಗಳಿಗೆ ಬೂಷ್ಟು. ಡಿಸೆಂಬರ್ ಬೆಳಗಿನ ಬೆಂಗಳೂರಿನಲ್ಲಾದರೆ ಹೊರಗಾಳಿಯನ್ನೇ ಒಳಗೆಳೆದು ಏಸಿಗೆ ನೀರು ತಣಿಸಿಕೊಡುವ ಯಂತ್ರವನ್ನು, ಅಂದರೆ ಚಿಲ್ಲರನ್ನು, ಎಷ್ಟೋ ಹೊತ್ತು ನಿಲ್ಲಿಸಬಹುದು. ಚದರಡಿ ಲೆಕ್ಕಕ್ಕೆ ಇವೆರಡೂ ಕಾಣವು.

ಹಾಗೆಂದು ತಂತ್ರಾಂಶ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಅದಕ್ಕೆ ಉಣಿಸುವ ಹವಾಮಾನ ಕಡತ ಸಾಮಾನ್ಯವಾಗಿ ನಿಜವಾಗಿ ಬಂದುಹೋದ ಒಂದು ವರ್ಷದ್ದಲ್ಲ. ಹಲವು ವರ್ಷಗಳ ದಾಖಲೆಯಿಂದ ಸಾಧಾರಣ ಅನ್ನಿಸುವ ಜನವರಿಯೊಂದು, ಫೆಬ್ರವರಿಯೊಂದು, ಹೀಗೆ ಆರಿಸಿ ಹೊಲಿದದ್ದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತಲ್ಲ, ಅಂಥ ದಿನಗಳು ಈ ಆಯ್ಕೆಯಲ್ಲಿ ಉದುರಿಹೋಗುವುದೇ ಹೆಚ್ಚು. ವಾರ್ಷಿಕ ಬಿಲ್ಲಿನ ಅಂದಾಜಿಗೆ ಅದು ಸರಿ. ಯಂತ್ರದ ಗಾತ್ರ ನಿಶ್ಚಯಿಸಲು ಅತಿ ಬಿಸಿಯ ದಿನದ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಲೇಬೇಕು.

ಸಲಹೆಗಾರರು ವರದಿ ತಂದಾಗ ಕೊನೆಯ ಪುಟದ ಒಟ್ಟು ಯೂನಿಟ್ ನೋಡಿ ಸುಮ್ಮನಾಗಬೇಡಿ. ಹವಾಮಾನ ಕಡತ ಯಾವ ಊರಿನದು, ಯಾವ ವರ್ಷಗಳದ್ದು, ಶನಿವಾರ ಎಷ್ಟು ಜನ ಬರುತ್ತಾರೆಂದು ಬರೆದಿದ್ದೀರಿ ಎಂದು ಕೇಳಿ. ಮೇ ತಿಂಗಳ ಮಧ್ಯಾಹ್ನದ್ದೊಂದು, ಜುಲೈ ಬೆಳಗಿನದ್ದೊಂದು ಗಂಟೆಯ ಅಂಕಿ ತೆರೆದು ತೋರಿಸಲು ಹೇಳಿ. ನಮಸ್ಕಾರ.