ಐದು ವರ್ಷದ ಕಾಲಿಗೆ ಯಾವ ಬೆಟ್ಟ?

ನಮಸ್ಕಾರ. ಚಳಿ ಶುರುವಾದರೆ ಸಾಕು, ಸ್ಟಾಕ್‌ಹೋಮ್‌ನ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಸಲದ ಸ್ಪೋರ್ಟ್‌ಲೋವ್‌ಗೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು? 1940ರ ಯುದ್ಧದ ಚಳಿಗಾಲದಲ್ಲಿ ಶಾಲೆಗಳನ್ನು ಬೆಚ್ಚಗಿಡುವ ಇಂಧನ ಉಳಿಸಲೆಂದು ಕೊಡಲಾರಂಭಿಸಿದ ರಜೆ ಇದು. ಈಗ ಆ ವಾರ ಬಂತೆಂದರೆ ಸ್ವೀಡನ್ನಿನ ಕುಟುಂಬಗಳು ಸ್ಕೀ ಕಟ್ಟಿಕೊಂಡು ಬೆಟ್ಟದ ದಾರಿ ಹಿಡಿಯುತ್ತವೆ.

ನಾವೂ ಹೊರಟೆವು. ಮೊದಲ ವರ್ಷ ನಾನು ನೋಡಿದ್ದು ಬೆಟ್ಟದ ಎತ್ತರವನ್ನು, ಇಳಿಜಾರುಗಳ ಒಟ್ಟು ಉದ್ದವನ್ನು. ಬಾಡಿಗೆಗೆ ಹಿಡಿದ ಮರದ ಮನೆ, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ನಿಂದ ಒಂದೂವರೆ ಕಿಲೋಮೀಟರ್ ದೂರವಿತ್ತು. ಸ್ಕೀ ಬೂಟು ಹಾಕಿಕೊಂಡ ಐದು ವರ್ಷದ ಮಗು ನೂರು ಹೆಜ್ಜೆ ನಡೆಯುವುದೂ ಕಷ್ಟ. ನಾನು ಎರಡು ಜೊತೆ ಸ್ಕೀ ಹೊತ್ತಿದ್ದೆ, ಗಂಡ ಮಗಳನ್ನು ಹೊತ್ತಿದ್ದರು. ಇಳಿಜಾರು ತಲುಪುವ ಹೊತ್ತಿಗೆ ಅವಳ ಬೆರಳುಗಳು ಮರಗಟ್ಟಿ, ಅಳು ಬಂದು, ಆ ದಿನ ಅಲ್ಲಿಗೇ ಮುಗಿಯಿತು. ಆ ಅಳು ನನಗೆ ಇಂದಿಗೂ ಕೇಳಿಸುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಬೇರೆಲ್ಲ ಲೆಕ್ಕಕ್ಕಿಂತ ಮೊದಲು ಇದನ್ನು ಕೇಳಿ: ನಾವು ಉಳಿಯುವ ಮನೆಯ ಬಾಗಿಲಿನಿಂದ ಹಸಿರು ಇಳಿಜಾರಿಗೆ ಎಷ್ಟು ಹೆಜ್ಜೆ? ಇಲ್ಲಿ ಹಸಿರೆಂದರೆ ಅತಿ ಸುಲಭ. ಆಮೇಲೆ ನೀಲಿ, ಕೆಂಪು, ಕೊನೆಗೆ ಕಪ್ಪು. ತಾಣದ ನಕ್ಷೆಯಲ್ಲಿ ಹಸಿರು ಗೆರೆ ಎಲ್ಲಿದೆ ನೋಡಿ. ಅದು ಮಕ್ಕಳದೇ ಆದ ಒಂದು ಮೂಲೆಯಲ್ಲಿರಬೇಕು. ಮೇಲಿನಿಂದ ರಭಸವಾಗಿ ಬರುವವರು ಅದನ್ನು ಸೀಳಿಕೊಂಡು ಹೋಗುವಂತಿರಬಾರದು.

ಲಿಫ್ಟ್ ಯಾವ ಬಗೆಯದು ಎಂಬುದೂ ಮುಖ್ಯ. ಇಲ್ಲಿ ಆಂಕರ್ ಲಿಫ್ಟ್ ಎಂಬುದೊಂದಿದೆ: ಇಬ್ಬರು ಪಕ್ಕಪಕ್ಕ ನಿಂತರೆ ಹಿಂದಿನಿಂದ ಒಂದು ಅಡ್ಡಕೋಲು ಎಳೆದುಕೊಂಡು ಹೋಗುತ್ತದೆ. ಅದು ನಮ್ಮ ತೊಡೆಯ ಮಟ್ಟಕ್ಕೆ ಬಂದರೆ ಮಗುವಿನ ಬೆನ್ನಿಗೆ ಬರುತ್ತದೆ. ಕಲಿಯುವ ಮಗುವಿಗೆ ಬೇಕಾದದ್ದು ನೆಲಕ್ಕೆ ಹಾಸಿದ ಚಲಿಸುವ ಪಟ್ಟಿ. ಸುಮ್ಮನೆ ನಿಂತರೆ ಅದೇ ಮೇಲಕ್ಕೆ ಒಯ್ಯುತ್ತದೆ.

ಸ್ವೀಡನ್ನಿನ ಸೇಲೆನ್ ಎಂಬ ಸ್ಕೀ ತಾಣದಲ್ಲಿ ಇದೆಲ್ಲ ಇದೆ. ಅಲ್ಲಿನ ಲಿಂಡ್‌ವಾಲೆನ್‌ನಲ್ಲಾಗಲಿ ಹುಂಡ್‌ಫ್ಯೆಲೆಟ್‌ನಲ್ಲಾಗಲಿ ಸ್ಕೀ ತೊಟ್ಟೇ ಹೊರಡಬಹುದಾದ ಮನೆಗಳು ಸಿಗುತ್ತವೆ. ವಲ್ಲೆ ಎಂಬ ಹಿಮದ ಗೊಂಬೆಯ ವೇಷಧಾರಿ ಬಂದರೆ ಮಕ್ಕಳು ಚಳಿಯನ್ನೇ ಮರೆಯುತ್ತಾರೆ. ಗಡಿಯಾಚೆ ನಾರ್ವೆಯ ಟ್ರೂಸಿಲ್ ಆ ದೇಶದ ಅತಿ ದೊಡ್ಡ ಸ್ಕೀ ತಾಣವಾದರೂ ಚಿಕ್ಕವರಿಗೆ ಬೇರೆಯೇ ಜಾಗ ಬಿಟ್ಟಿದೆ. ಸ್ವೀಡನ್ನಿನ ಓರೆ ನನಗೆ ಬಹಳ ಪ್ರೀತಿಯ ಊರು, ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ಹತ್ತಿದರೆ ಊರಲ್ಲೇ ಇಳಿಸುತ್ತದೆ. ಆದರೆ 1,420 ಮೀಟರಿನ ಓರೆಸ್ಕೂಟನ್ ಗಾಳಿಯ ಬೆಟ್ಟ. ಮಕ್ಕಳು ಚಿಕ್ಕವರಿದ್ದರೆ ಅಲ್ಲಿ ಬ್ಯೋರ್ನೆನ್ ಎಂಬ ಭಾಗದಲ್ಲೇ ಮನೆ ಹಿಡಿಯಿರಿ.

ಕ್ರಿಸ್‌ಮಸ್‌ಗೆ ಹೋಗೋಣವೇ ಎಂದು ಕೇಳುವವರಿಗೆ ನನ್ನ ಉತ್ತರ, ಬೇಡ. ಆಗ ಓರೆಯಲ್ಲಿ ಹಗಲು ಐದು ಗಂಟೆಯೂ ಇರುವುದಿಲ್ಲ. ಸ್ಟಾಕ್‌ಹೋಮ್ ಶಾಲೆಗಳ ಸ್ಪೋರ್ಟ್‌ಲೋವ್ ವರ್ಷದ ಒಂಬತ್ತನೆಯ ವಾರ. ಅಷ್ಟರಲ್ಲಿ ಹಗಲು ಹತ್ತು ಗಂಟೆಗೆ ಬೆಳೆದಿರುತ್ತದೆ. ಮಕ್ಕಳಿಗೆ ಒಳಗಿನಿಂದ ಉಣ್ಣೆಯನ್ನೇ ಹಾಕಿ, ಹತ್ತಿಯ ಬಟ್ಟೆ ಬೆವರು ಹೀರಿ ಮೈಯನ್ನು ತಣ್ಣಗಾಗಿಸುತ್ತದೆ.

ಇನ್ನೊಂದು ಮಾತು. ಊರಿನಿಂದ ಅಪ್ಪ, ಅಮ್ಮ ಬಂದಿದ್ದರೆ ಅವರೇನು ಮಾಡಬೇಕು? ಇದನ್ನು ಯಾರೂ ಯೋಚಿಸುವುದಿಲ್ಲ. ಅಂಥ ಮನೆಗಳಿಗೆ ನಾನು ಹೇಳುವುದು ನಾರ್ವೆಯ ಯೈಲೋ. ಜಿ ಅಕ್ಷರದಿಂದ ಬರೆದರೂ ಅಲ್ಲಿಯವರು ಹಾಗೆಯೇ ಕರೆಯುತ್ತಾರೆ. ಓಸ್ಲೋದಿಂದ ಬರ್ಗೆನ್‌ಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಹಿಮದ ರಸ್ತೆಯಲ್ಲಿ ಕಾರು ಓಡಿಸುವ ಭಯವಿಲ್ಲ. ನಡೆದಾಡಲು ನಿಜವಾದ ಊರಿದೆ, ಅಂಗಡಿಗಳಿವೆ. ಕಳೆದ ವರ್ಷ ನನ್ನ ಅಮ್ಮ ವೆಸ್ಟ್‌ಲಿಯಾ ಇಳಿಜಾರಿನ ಬುಡದಲ್ಲಿ ಫ್ಲಾಸ್ಕಿನಲ್ಲಿ ತಂದ ಕಾಫಿ ಹಿಡಿದು ಕುಳಿತಿದ್ದರು. ಮಗಳು ಪ್ರತಿ ಸಲ ಕೆಳಗೆ ಬಂದಾಗಲೂ "ಅಜ್ಜಿ, ನೋಡಿದೆಯಾ?" ಎಂದು ಕೂಗುತ್ತಿದ್ದಳು. ಅಮ್ಮ ಪ್ರತಿ ಸಲವೂ ನೋಡಿದ್ದರು.