ಬರೆ ಜರಿದ ಮೇಲೆ

ಈ ಕ್ಲಿಪ್ ಹಾಕ್ಬೇಕಾ ಬೇಡ್ವಾ ಅಂತ ಸುಮಾರು ಸಲ ಯೋಚನೆ ಮಾಡಿದೆ, ಕಡೆಗೆ ಇರ್ಲಿ ಅಂತ ಹಾಕಿದ್ದು. ಮಳೆನೀರಿಗೆ ತೋಡಿಸಿದ ಗುಂಡಿಯ ಆ ಬಲಬದಿಯ ಬರೆ, ಅಂದ್ರೆ ಕಡಿದ ಮಣ್ಣಿನ ಗೋಡೆ, ನೋಡಿ. ಈಗ... ಈಗ ಹೋಯ್ತು. ಬಿದ್ದ ಶಬ್ದ ಕೂಡ ಇಲ್ಲ, ಮಳೆ ಹೊಡೆತದಲ್ಲಿ ಎಂತದೂ ಕೇಳ್ಲಿಲ್ಲ, ಮಣ್ಣು ಸುಸ್ತಾಗಿ ಕೂತ ಹಾಗೆ ಕೂತ್ಬಿಟ್ಟಿತು ಅಷ್ಟೆ. ಹಿಂದಿಂದ "ಅದನ್ನು ಆಫ್ ಮಾಡು ಮಾರಾಯಾ" ಅಂತ ಬೊಬ್ಬೆ ಹೊಡಿಯುದು ನನ್ನ ಭಾವ. ಅವ್ರು ಅಷ್ಟು ಜೋರು ಮಾತಾಡಿದ್ದು ನಾನು ಕೇಳಿದ್ದೇ ಅವತ್ತು.

ಗೊತ್ತಿಲ್ಲದವ್ರಿಗೆ ಹೇಳ್ತೇನೆ. ನಮ್ಮದು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ 200 ಅಡಿಕೆ ಮರ, ಮೇಲೆ ಅಜ್ಜನ ಕಾಲದ ಒಂದು ಸುರಂಗ. ಸುರಂಗ ಅಂದ್ರೆ ರೈಲಿನದ್ದಲ್ಲ, ಗುಡ್ಡದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಒಳಗೆ ಅಡ್ಡಕ್ಕೆ ತೋಡಿ ಒಸರುವ ನೀರನ್ನು ಹೊರಗೆ ಹರಿಸಿಕೊಳ್ಳುದು, ಪಂಪ್ ಬೇಡ ಕರೆಂಟ್ ಬೇಡ. ಏಪ್ರಿಲ್ ಅರ್ಧದ ತನಕ ಹೇಗಾದ್ರೂ ನಡೀತದೆ, ಆಮೇಲೆ ನೂಲಿನ ಹಾಗೆ ಸಣ್ಣ ಆಗ್ತದೆ. ಅದಕ್ಕೆ ನಾನು ಹಾಕಿದ ಪ್ಲಾನ್ ಎಂತದಂದ್ರೆ ದೊಡ್ಡ ಗುಂಡಿ ತೋಡಿ ನೀರು ಇಂಗದ ಹಾಗೆ ಸಿಲ್ಪಾಲಿನ್ ಅನ್ನುವ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ ಮಳೆನೀರು ತುಂಬಿಸುದು, 15 ಮೀಟರ್ ಉದ್ದ, 10 ಅಗಲ, 3 ಆಳ. ಫೋನಿನಲ್ಲಿ ಎಕ್ಸೆಲ್ ಶೀಟೇ ಮಾಡಿದ್ದೆ ಮಾರಾಯ್ರೆ, ಮೇ 15ಕ್ಕೆ ಹಿಟಾಚಿ, 22ಕ್ಕೆ ಬದಿ ಸಮ ಮಾಡುದು, 26ಕ್ಕೆ ಶೀಟ್, 30ಕ್ಕೆ ಮುಗೀತು, ಜೂನ್ 1ಕ್ಕೆ ಮಳೆ ಬರ್ಲಿ. ಬಣ್ಣ ಬೇರೆ ಹಾಕಿದ್ದೆ, ಹಸಿರು ಹಳದಿ ಅಂತ.

2025ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದು ಮೇ 24ಕ್ಕೆ. 2009ರ ನಂತರ ಅಷ್ಟು ಬೇಗ ಬಂದದ್ದೇ ಇಲ್ಲ. ಅದಕ್ಕೂ ಮೂರ್ನಾಲ್ಕು ದಿನ ಮೊದ್ಲೇ ಇಲ್ಲಿ ಸುರೀಲಿಕ್ಕೆ ಶುರುವಾಗಿತ್ತು, ಹಿಟಾಚಿ ಬೇರೆ ಎರಡು ದಿನ ತಡವಾಗಿ ಬಂದದ್ದು, ಶೀಟ್ ಬಂದದ್ದು 23ರ ಸಾಯಂಕಾಲ. ಮರುದಿನ ಮಧ್ಯಾಹ್ನ ಬರೆ ಜರಿದು, ಕೆಳಗೆ ನೆಟ್ಟ 40 ಅಡಿಕೆ ಸಸಿ ಕೆಸರಿನಡಿ ಹೋಯ್ತು.

ಎಲ್ಲ ಮಳೆ ತಲೆ ಮೇಲೆ ಹಾಕ್ಬಹುದಿತ್ತು, ಒಂದು ವಾರ ನಾನು ಹಾಕಿದ್ದೂ ಹಾಗೇ. ಭಾವ ನನ್ನನ್ನು ಬೈದ್ರು, ನಾನು ಹಿಟಾಚಿ ಅಣ್ಣನನ್ನು ಬೈದೆ, ಪಾಪ, ಅವ್ರು ಮೊದಲ ದಿನವೇ ಹೇಳಿದ್ರು, "ಈ ಬದಿ ತುಂಬಿಸಿದ ಮಣ್ಣು, ಇಳಿಜಾರು ಕೊಡುವ" ಅಂತ. ಇಳಿಜಾರು ಕೊಟ್ರೆ ಲೀಟರ್ ಕಡಿಮೆ ಆಗ್ತದೆ ಅಂತ ನಾನೇ ನೆಟ್ಟಗೆ ಕಡಿಸಿದ್ದು. ಮುರಕಲ್ಲು ಆದ್ರೆ ನೆಟ್ಟಗೆ ನಿಲ್ತದೆ, ಅಜ್ಜನ ಸುರಂಗ ಇಷ್ಟು ವರ್ಷ ನಿಂತದ್ದೇ ಹಾಗೆ, ಆದ್ರೆ ಮಣ್ಣು ನಿಲ್ತದಾ?

ಅಪ್ಪ ಮಾತ್ರ ಎಂತದೂ ಹೇಳ್ಲಿಲ್ಲ. ಒಂದು ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು "ಪತ್ತನಾಜೆ ಯಾವತ್ತಿತ್ತು?" ಅಂತ ಕೇಳಿದ್ರು ಅಷ್ಟೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಯಕ್ಷಗಾನ ಮೇಳದವ್ರು ಗೆಜ್ಜೆ ಬಿಚ್ಚುವ ದಿನ, ಅವತ್ತು ಹತ್ತು ಹನಿಯಾದ್ರೂ ಬೀಳ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಬರುದೂ ಮೇ 24, 25ರ ಹೊತ್ತಿಗೇ. ಆಟಕ್ಕೆ ಅಂತ ಆ ದಿನ ನೆನಪಿಟ್ಟವ ನಾನು, ಗುಂಡಿಗೆ ಅಂತ ನೆನಪಾಗ್ಲಿಲ್ಲ.

ಮತ್ತೆ ಭಾವನೊಟ್ಟಿಗೆ ಮಾತು ಶುರುವಾದದ್ದು ಹೇಗೆ ಅಂದ್ರೆ ಶೀಟಿನಿಂದ. ಅದು ಜಗಲಿಯಲ್ಲಿ ರೋಲ್ ಬಿಚ್ಚದೆ ಹಾಗೇ ಬಿದ್ದಿತ್ತಲ್ಲ, ಅವ್ರು ಬಂದವ್ರು ಅದರ ಮೇಲೇ ಕೂತು "ಇದು ಹಾಳಾಗ್ಲಿಲ್ಲ ಅಲ್ವಾ" ಅಂದ್ರು. ಸರಿ, ಪುಸ್ತಕ ತಂದು ಒಂದು ಬದಿ ಹೋದದ್ದು, ಇನ್ನೊಂದು ಬದಿ ಉಳ್ದದ್ದು ಅಂತ ಬರ್ದೆವು. ಹೋದದ್ದು ಹಿಟಾಚಿ ಬಾಡಿಗೆ, ಸಸಿ, ಮರ್ಯಾದೆ (ಇದು ಭಾವ ಬರ್ದದ್ದು). ಉಳ್ದದ್ದು ಶೀಟ್, ಬದಿಯಡ್ಕದಿಂದ ತಂದ ಡ್ರಿಪ್ ಪೈಪ್, ಗುಂಡಿಯ ಎಡಬದಿ. ನೋಡಿದ್ರೆ ಉಳ್ದದ್ದೇ ಜಾಸ್ತಿ ಉಂಟು.

ಆಮೇಲೆ ಭಾವ ಕೇಳಿದ ಪ್ರಶ್ನೆ ನಾನು ಎಕ್ಸೆಲ್ ಮಾಡುವಾಗ್ಲೇ ಕೇಳಿಕೊಳ್ಬೇಕಿತ್ತು. "ನಮಗೆ ನಿಜವಾಗಿ ನೀರು ಸಾಕಾಗದ್ದು ಎಷ್ಟು ದಿನ?" ಲೆಕ್ಕ ಹಾಕಿದ್ರೆ ಒಂದೇ ತಿಂಗಳು. ಡ್ರಿಪ್‌ನಲ್ಲಿ ಒಂದು ಮರಕ್ಕೆ ದಿನಕ್ಕೆ 16 ಲೀಟರ್ ಅಂತ ಹಿಡಿದ್ರೆ 200 ಮರಕ್ಕೆ 3,200 ಲೀಟರ್, 28 ದಿನಕ್ಕೆ 90 ಸಾವಿರದ ಹತ್ತಿರ. ನಾನು ತೋಡಿಸಿದ್ದು ನಾಲ್ಕೂವರೆ ಲಕ್ಷದ ಹತ್ತಿರ! ಯಾಕೆ ಅಂತ ಈಗ ಕೇಳಿದ್ರೆ, ವಿಡಿಯೋದಲ್ಲಿ ದೊಡ್ಡದು ಕಾಣ್ಲಿ ಅಂತ ಕೂಡ ಇತ್ತು, ಸುಳ್ಳು ಹೇಳುದಿಲ್ಲ.

ಆ ದಿನಗಳಲ್ಲಿ ಅಮೈ ಮಹಾಲಿಂಗ ನಾಯ್ಕರ ಕಥೆ ನನಗೆ ಕಳಿಸದ ನೆಂಟರೇ ಇಲ್ಲ. ಇಲ್ಲೇ ಗಡಿ ದಾಟಿದ್ರೆ ಅಡ್ಯನಡ್ಕದವ್ರು, ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ, ಒಂದಾದ ಮೇಲೊಂದು ನೀರು ಸಿಗದೆ ಹೋಗಿ, ಮತ್ತೆ ತೋಡಿ ತೋಟ ಮಾಡಿದವ್ರು, 2022ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಅದನ್ನು "ಬಿಡ್ಬೇಡ" ಅಂತ ಹೇಳ್ಲಿಕ್ಕೆ ಕಳಿಸುದು. ನನಗೆ ತಾಗಿದ್ದು ಬೇರೆ, ಅವ್ರು ನೀರಿಲ್ಲದ ಸುರಂಗದಲ್ಲೇ ಹಟ ಹಿಡಿದು ಕೂರ್ಲಿಲ್ಲ, ಅದನ್ನು ಬಿಟ್ಟು ಇನ್ನೊಂದು ತೋಡಿದ್ರು. ನಾವೂ ಆ ಬಲಬದಿಯನ್ನು ಬಿಟ್ಟೆವು.

ದೀಪಾವಳಿ ಕಳ್ದು ಮಳೆ ನಿಂತ ಮೇಲೆ ಕೆಲಸ. ಈಗ ಸ್ಕ್ರೀನಿನಲ್ಲಿ ಉಂಟಲ್ಲ, ಅದೇ, 10 ಮೀಟರ್ ಉದ್ದ, 7 ಅಗಲ, ಎರಡೂವರೆ ಆಳ, ನಾಲ್ಕೂ ಬದಿ ಇಳಿಜಾರು. ಕಲ್ಲಿನ ಚೂರು ಹೆಕ್ಕಿ, ನುಣ್ಣಗಿನ ಮಣ್ಣು ಬಳಿದು, ಹಳೆ ಗೋಣಿ ಹಾಸಿ, ಅದರ ಮೇಲೆ ಶೀಟ್. ಗುಂಡಿ ಸಣ್ಣ ಆದ ಕಾರಣ ಶೀಟ್ ಎರಡು ಮಡಿಕೆ ಬಂತು, ಒಳ್ಳೆದೇ ಆಯ್ತು. ತುಂಬಿಸ್ಲಿಕ್ಕೆ ಮಳೆಗೆ ಕಾಯ್ಲಿಲ್ಲ. ನವೆಂಬರಿನಲ್ಲಿ ತೋಟದಲ್ಲಿ ಇನ್ನೂ ಪಸೆ ಇರ್ತದೆ, ಸುರಂಗದ ನೀರು ಸುಮ್ಮನೆ ತೋಡಿಗೆ ಹೋಗ್ತದೆ. ಬಕೆಟ್ ಇಟ್ಟು ಅಳೆದೆ, 10 ಲೀಟರ್ ತುಂಬ್ಲಿಕ್ಕೆ 2 ನಿಮಿಷ, ದಿನಕ್ಕೆ 7,200. ಮನೆ ಖರ್ಚು ಕಳ್ದು ಎರಡು ವಾರ ಚಿಲ್ಲರೆಯಲ್ಲಿ ಬಾಯಿ ತನಕ ಬಂತು.

ಕಡೆಯ ಈ ಶಾಟ್ ಅಪ್ಪನಿಗೆ ಗೊತ್ತಿಲ್ಲದೆ ತೆಗ್ದದ್ದು. ಅಡಿಕೆ ಕೊಯ್ಯುವ ಉದ್ದದ ಕೋಲು, ದೋಟಿಯನ್ನು ನೀರಿಗೆ ಇಳಿಸಿ, ತೆಗ್ದು, ಒದ್ದೆ ಆದಲ್ಲಿ ಚಾಕುವಿನಿಂದ ಒಂದು ಗೀರು ಹಾಕ್ತಾ ಇದ್ದಾರೆ. ದಿನಾ ಬೆಳಿಗ್ಗೆ ಕಾಪಿ ಕುಡಿದು ಹೋಗಿ ಅದನ್ನು ನೋಡಿ ಬರ್ತಾರೆ, ನನ್ನ ಫೋನಿನಲ್ಲಿ ಎಷ್ಟು ಉಂಟು ಅಂತ ಕೇಳುದೇ ಇಲ್ಲ.